ಅರ್ಥಹರಣವೂ ಸಂಶೋಧನಪತ್ರಿಕೆಗಳ ಸ್ವೋಪಜ್ಞತಾವಿಚಾರವೂ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಕೃತಿಚೌರ್ಯವನ್ನು ಶೇಕಡಾ ಪ್ರಮಾಣದಿಂದ ಅಳೆಯುವುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಸಾದೃಶ್ಯವು 10ರವರೆಗೆ ಇದ್ದರೆ ದಂಡವಿಲ್ಲ. ಅನಂತರ 40ರವರೆಗೆ, 60ರವರೆಗೆ, ಅದಕ್ಕೂ ಮೇಲೆ ಎಂದು ಮೂರು ಶ್ರೇಣಿಗಳು. ಕಡೆಯ ಶ್ರೇಣಿಗೆ ಸಿಕ್ಕಿದ ಅಧ್ಯಾಪಕನು ಲೇಖನವನ್ನು ಹಿಂತೆಗೆದುಕೊಳ್ಳಬೇಕು. ಎರಡು ವಾರ್ಷಿಕ ವೇತನವೃದ್ಧಿಗಳನ್ನು ಕಳೆದುಕೊಳ್ಳುವನು. ಮೂರು ವರ್ಷ ಹೊಸ ಶಿಷ್ಯರನ್ನು ಸ್ವೀಕರಿಸುವಂತಿಲ್ಲ. ಉದ್ದೇಶವು ಸಾಧುವೆಂಬುದರಲ್ಲಿ ವಿವಾದವಿಲ್ಲ. ಲಕ್ಷಣವನ್ನು ಮಾತ್ರ ಪರೀಕ್ಷಿಸಬೇಕಾಗಿದೆ.

ಅನ್ಯರ ಕೃತಿಯನ್ನಾಗಲಿ ಭಾವವನ್ನಾಗಲಿ ತನ್ನದೆಂದು ತೋರಿಸುವುದೇ ಚೌರ್ಯವೆಂದು ನಿಯಮಾವಳಿಯೇ ಹೇಳುತ್ತದೆ. ಆದರೆ ಶ್ರೇಣಿಗಳನ್ನು ಗೊತ್ತುಮಾಡುವಾಗ ಎಣಿಕೆಗೆ ಬರುವುದು ಸಾದೃಶ್ಯವೊಂದೇ. ಯಂತ್ರಕ್ಕೆ ಸಾದೃಶ್ಯವೆಂದರೆ ಪ್ರಾಯಶಃ ಪದಸಾಮ್ಯವೇ. ಭಾವವು ಲಕ್ಷಣದಲ್ಲಿದ್ದು ದಂಡದಲ್ಲಿ ಬಿಟ್ಟುಹೋಯಿತು. ತಾರ್ಕಿಕರು ಇದನ್ನು ಅವ್ಯಾಪ್ತಿಯೆನ್ನುವರು.

ನಮ್ಮ ಪ್ರಾಚೀನರು ಇಲ್ಲಿ ಹೆಚ್ಚು ಸೂಕ್ಷ್ಮದರ್ಶಿಗಳಾಗಿದ್ದರು. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕವಿಸಂವಾದವನ್ನು ಪ್ರತಿಬಿಂಬದಂತಹುದು, ಚಿತ್ರದಂತಹುದು, ಸಮಾನದೇಹಿಯಂತಹುದು ಎಂದು ಮೂರಾಗಿ ವಿಂಗಡಿಸಿ, ಮೊದಲೆರಡನ್ನು ತ್ಯಾಜ್ಯವೆಂದೂ ಕಡೆಯದನ್ನು ಗ್ರಾಹ್ಯವೆಂದೂ ನಿರ್ಣಯಿಸಿದನು. ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯ ಮೂರು ಅಧ್ಯಾಯಗಳನ್ನೇ ಹರಣಕ್ಕೆ ಮೀಸಲಿಟ್ಟನು: ಹನ್ನೊಂದನೆಯದು ಶಬ್ದಹರಣಕ್ಕೆ, ಮುಂದಿನೆರಡು ಅರ್ಥಹರಣಕ್ಕೆ. ಅರ್ಥಕ್ಕೆ ದೊರೆತ ಪ್ರಾಶಸ್ತ್ಯವನ್ನು ಗಮನಿಸಬೇಕು. ಅರ್ಥವೆಲ್ಲ ಒಂದೇ ಆಗಿ ವಾಕ್ಯರಚನೆ ಮಾತ್ರ ಬೇರೆಯಾದುದು ಪ್ರತಿಬಿಂಬಕಲ್ಪ. ಕೊಂಚ ಸಂಸ್ಕಾರದಿಂದ ಬೇರೆಯಂತೆ ತೋರುವುದು ಆಲೇಖ್ಯಪ್ರಖ್ಯ. ಇಂಗ್ಲಿಷ್ ಪ್ರಬಂಧವೊಂದನ್ನು ಕನ್ನಡಿಸಿ ಮೂಲವನ್ನು ಹೇಳದೆ ಅಚ್ಚುಹಾಕಿಸುವವನು ಇವೆರಡರಲ್ಲಿ ಒಂದಕ್ಕೆ ತಪ್ಪದೆ ಸೇರುವನು. ಪದಗಳನ್ನು ಎಣಿಸುವ ಯಂತ್ರಕ್ಕೆ ಅವನು ನಿರಪರಾಧಿ.

ಇಲ್ಲೊಂದು ಆಕ್ಷೇಪವು ಬರಬಹುದು. ಕವಿರಾಜಮಾರ್ಗದಲ್ಲಿ ದಂಡಿಯ ಕಾವ್ಯಾದರ್ಶದ ಲಕ್ಷಣಗಳೂ ಲಕ್ಷ್ಯಗಳೂ ಹೇರಳವಾಗಿ ಬಂದಿವೆಯಲ್ಲ, ಅದು ಚೌರ್ಯವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. ಆ ಗ್ರಂಥವನ್ನು ಓದುತ್ತಿದ್ದವರಿಗೆ ದಂಡಿಯು ಪರಿಚಿತನೇ; ಮರೆಮಾಚುವ ಪ್ರಶ್ನೆಯೇ ಇರಲಿಲ್ಲ. ಮೇಲಾಗಿ ಕಾವೇರಿಯಿಂದ ಗೋದಾವರಿಯವರೆಗಿನ ನಾಡು, ಚತ್ತಾಣ ಬೆದಂಡೆಗಳು ಮೊದಲಾದ ದೇಶೀಯ ವಿಷಯಗಳು ದಂಡಿಯಲ್ಲಿ ಎಲ್ಲಿವೆ? "ಕೇಚಿತ್", "ಅಪರೇ" ಎಂದಷ್ಟೇ ಹೇಳಿ ಮುಂದುವರಿದ ಶಾಸ್ತ್ರಕಾರರ ಸ್ಥಿತಿಯೂ ಇಂತಹುದೇ. ಯಾರೆಂಬುದು ಪಾಠಶಾಲೆಯ ವಿದ್ಯಾರ್ಥಿಗೂ ತಿಳಿದಿರುತ್ತಿತ್ತು. ಈ ಪರಂಪರೆಯನ್ನು ಮುಂದೊಡ್ಡಿ ಇಂದಿನ ಲೇಖಕನು ಹೆಸರು ಹೇಳದಿರುವುದು ಸಲ್ಲದು. ಇಂದಿನ ವಾಚಕನಿಗೆ ಆ ಪರಿಚಯವಿಲ್ಲ. ಕಾವ್ಯಕ್ಕೆ ಉಕ್ತಿವೈಚಿತ್ರ್ಯವೇ ಪ್ರಾಣವಾದುದರಿಂದ ಅಲ್ಲಿ ಅರ್ಥವನ್ನು ಎರವಲು ಪಡೆದರೂ ನಡೆದೀತು. ಸಂಶೋಧನೆಯಲ್ಲಿ 'ಇದನ್ನು ಮೊದಲು ಕಂಡವನು ನಾನು' ಎಂಬ ಪ್ರತಿಜ್ಞೆಯು ಗರ್ಭಿತವಾಗಿರುವುದು. ಅಲಂಕಾರಿಕರು ಕವಿಗೆ ಕೊಟ್ಟ ವಿನಾಯಿತಿಯನ್ನು ಸಂಶೋಧಕನು ಕೇಳಲಾಗದು.

ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೆ ಕಾರಣವಾದುದು ಶ್ರಮದ ಹರಣ. ತರುಣನೊಬ್ಬನು ಓಲೆಗರಿಗಳ ಮುಂದೆ ವರ್ಷಗಟ್ಟಲೆ ಕುಳಿತು ಪಾಠಾಂತರಗಳನ್ನು ಗುರುತಿಸುವನು. ಅವನ ಟಿಪ್ಪಣಿಗಳು ಹಿರಿಯರೊಬ್ಬರ ಹೆಸರಿನಲ್ಲಿ ಪ್ರಕಟವಾಗುವುವು. ತರುಣನ ಬರಹವೇ ಅಚ್ಚಾಗದಿರುವಾಗ ಹೋಲಿಸಲು ಏನಿದೆ? ಸಾದೃಶ್ಯವು ಸೊನ್ನೆ. ಪರಿಷ್ಕರಣಲೇಖನಗಳನ್ನು ಸ್ವೀಕರಿಸುವ ಸಂಪಾದಕರು ಪ್ರತಿಗಳನ್ನು ಸ್ವತಃ ನೋಡಿದವರಾರು, ಪಾಠಗಳನ್ನು ತಾಳೆನೋಡಿದವರಾರು ಎಂದು ಲಿಖಿತವಾಗಿ ಕೇಳಿ, ಮೂಲ ಟಿಪ್ಪಣಿಗಳ ಕೆಲವು ಹಾಳೆಗಳನ್ನಾದರೂ ತರಿಸಿ ನೋಡದ ಹೊರತು ಇದು ಬೆಳಕಿಗೆ ಬರುವಂತಿಲ್ಲ.