ಮಾಗಿದ ಬೆಳದಿಂಗಳು

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿಟ್ಟು ಬಹಳ ಕಾಲವಾಯಿತು. ಸಂಜೆ ಗಾಳಿ ಸೇವನೆಗೆ ಬರುವವರು, ಚಾಪಲ್ ಯುದ್ಧನೌಕೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು, ಚುರುಮುರಿಗೆ ಹಟ ಹಿಡಿಯುವ ಮಕ್ಕಳು, ಎಲ್ಲರೂ ಆ ಹೆಸರಿನಡಿಯೇ ಓಡಾಡುತ್ತಾರೆ. ಹೆಸರು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಬಿಳಿ ಗಡ್ಡದ, ಉದ್ದ ನಿಲುವಂಗಿಯ ಗುರುದೇವ. ಕಾರವಾರ ಕಂಡ ಟಾಗೋರರಿಗೆ ಇಪ್ಪತ್ತೆರಡರ ಆಸುಪಾಸು. ಮದುವೆ ಆಗಿರಲಿಲ್ಲ. ನೊಬೆಲ್ ಇನ್ನೂ ಮೂವತ್ತು ವರ್ಷ ದೂರ. ಬಂಗಾಳದ ಓದುಗರಿಗೆ ಅವರು ಹೊಸ ದನಿಯ ಕವಿ, ಜೊತೆಗೆ ಐತಿಹಾಸಿಕ ರಮ್ಯ ಕಾದಂಬರಿಯೊಂದನ್ನು ಬರೆದ ತರುಣ.

ಆ ಕಾದಂಬರಿ ‘ಬೌ ಠಾಕುರಾಣೀರ್ ಹಾಟ್’. ‘ಭಾರತಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1883ರಲ್ಲಿ ಪುಸ್ತಕವಾಯಿತು. ಜಸೋರಿನ ದೊರೆ ಪ್ರತಾಪಾದಿತ್ಯ, ಅವನ ಕ್ರೌರ್ಯಕ್ಕೆ ನಲುಗುವ ಮಗ ಉದಯಾದಿತ್ಯ, ಗಂಡನ ಮನೆ ಸೇರಲಾಗದ ಮಗಳು ವಿಭಾ, ಹಾಡೇ ಉಸಿರಾದ ಮುದಿ ಚಿಕ್ಕಪ್ಪ ವಸಂತರಾಯ. ಕೋಟೆ, ಒಳಸಂಚು, ಸೆರೆಮನೆ, ಕಣ್ಣೀರು ಎಲ್ಲವೂ ಇದ್ದವು. ಬಂಕಿಮಚಂದ್ರರೇ ಮೆಚ್ಚಿ ಕಾಗದ ಬರೆದರು. ಆ ಕಾಲದ ಓದಿನ ರುಚಿಯೇ ಅದು. ನಮ್ಮಲ್ಲೂ ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದು ಮನೆಮಾತಾದರು. ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು.

ಟಾಗೋರರು ಮಾತ್ರ ವಯಸ್ಸಾದ ಮೇಲೆ ತಮ್ಮ ಈ ಚೊಚ್ಚಲ ಐತಿಹಾಸಿಕ ಕಾದಂಬರಿಯನ್ನು ಮುಲಾಜಿಲ್ಲದೆ ತೂಗಿದರು. ಪಾತ್ರಗಳಿಗೆ ಜೀವ ಸಾಲದು, ಗೊಂಬೆಗಳಂತಿವೆ ಎಂದರು. ಸ್ವದೇಶಿ ಚಳವಳಿಯ ಆವೇಶದಲ್ಲಿ ಬಂಗಾಳ ಪ್ರತಾಪಾದಿತ್ಯನನ್ನು ವೀರಪುರುಷನ ಪೀಠಕ್ಕೇರಿಸಿದಾಗಲೂ ಅವನು ಅನ್ಯಾಯಗಾರ, ನಿರ್ದಯಿ ಎಂಬ ತೀರ್ಪನ್ನು ಸಡಿಲಿಸಲಿಲ್ಲ. ರಾಜರ ಕತೆ ಬರೆದ ಈ ತರುಣನಿಗೆ ಕಾರವಾರದಲ್ಲಿ ಏನಾಯಿತು ಎಂಬುದು ನನ್ನ ಮಟ್ಟಿಗೆ ಬಹಳ ಸ್ವಾರಸ್ಯದ ವಿಷಯ.

ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಗೆದ್ದ ಮೊದಲ ಭಾರತೀಯ. ಸೇವೆ ಮುಂಬಯಿ ಪ್ರಾಂತದಲ್ಲಿ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ್ದರಿಂದ ಅವರು ಕಾರವಾರಕ್ಕೆ ನ್ಯಾಯಾಧೀಶರಾಗಿ ಬರುವಂತಾಯಿತು. ಕಲಕತ್ತೆಯ ಸದರ್ ಸ್ಟ್ರೀಟಿನ ಮನೆಯಲ್ಲಿದ್ದ ಬಳಗ ಅವರಲ್ಲಿಗೆ ಬಂದು ಕೆಲಕಾಲ ತಂಗಿತು. ಇದನ್ನೆಲ್ಲ ಟಾಗೋರರು ‘ಜೀವನಸ್ಮೃತಿ’ಯಲ್ಲಿ ಹೇಳಿದ್ದಾರೆ. ಪುಸ್ತಕ ಬಂದದ್ದು 1912ರಲ್ಲಿ. ಅದರಲ್ಲಿ ಕಾರವಾರಕ್ಕೆ ಸಿಕ್ಕಿರುವುದು ಕೆಲವೇ ಪುಟ. ಬೆಟ್ಟಗಳ ಮರೆಯಲ್ಲಿ ಅವಿತ ಪುಟ್ಟ ಬಂದರು, ಅರ್ಧಚಂದ್ರದ ಮರಳ ದಂಡೆ, ದಂಡೆಯುದ್ದಕ್ಕೂ ಗಾಳಿಮರದ ತೋಪು, ತೋಪಿನ ಕೊನೆಗೆ ಬಂದು ಕಡಲು ಸೇರುವ ಕಾಳಿ. ಕಾರವಾರ ನೋಡಿದವರು ಓದಿದರೆ ಒಂದು ಗೆರೆಯೂ ತಪ್ಪಿಲ್ಲ ಎನ್ನುತ್ತಾರೆ.

ಆ ಪುಟಗಳ ತಿರುಳು ಒಂದು ರಾತ್ರಿ. ಶುಕ್ಲಪಕ್ಷದ ಮುಸ್ಸಂಜೆ. ಚಿಕ್ಕ ದೋಣಿಯೊಂದರಲ್ಲಿ ಕಾಳಿಯ ಹರಿವಿಗೆ ಎದುರಾಗಿ ಹೊರಟರು. ಶಿವಾಜಿಯ ಹಳೆಯ ಗಿರಿದುರ್ಗವೊಂದರ ಬುಡದಲ್ಲಿ ದೋಣಿ ನಿಲ್ಲಿಸಿ ದಡ ಹತ್ತಿದರು. ಅಲ್ಲೊಂದು ಒಕ್ಕಲಿನ ಗುಡಿಸಲು, ಬೇಲಿ ಕಟ್ಟಿದ, ಸಾರಿಸಿ ಒಪ್ಪ ಮಾಡಿದ ಅಂಗಳ. ಬೇಲಿಯ ನೆರಳಿನಾಚೆ ಓರೆಯಾಗಿ ಬಿದ್ದ ಬೆಳದಿಂಗಳಿನಲ್ಲಿ ಕೂತು ತಂದಿದ್ದ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ಹುಟ್ಟಿನ ಕೆಲಸವಿಲ್ಲ. ಇಳಿತಕ್ಕೆ ದೋಣಿ ಬಿಟ್ಟರು. ನದೀಮುಖ ಮುಟ್ಟುವಾಗ ಬಹಳ ಹೊತ್ತಾಗಿತ್ತು. ದೋಣಿ ಅಲ್ಲೇ ಬಿಟ್ಟು ಮರಳಿನ ಮೇಲೆ ನಡೆದು ಮನೆ ಸೇರಿದರು. ಕಡಲಿಗೆ ಅಲೆಯಿಲ್ಲ. ಸದಾ ಗುನುಗುವ ಗಾಳಿಮರಗಳೂ ಸುಮ್ಮನಾಗಿದ್ದವು. ಮರಗಳ ನೆರಳು ಮರಳಿನ ಮೇಲೆ ಬರೆದಿಟ್ಟಂತೆ ಅಲುಗದೆ ಬಿದ್ದಿತ್ತು. ಮನೆ ಮುಟ್ಟಿದವರು ಮಲಗಲಿಲ್ಲ, ಕವಿತೆ ಬರೆದರು.

ಕಾಳಿಯ ದಂಡೆಯ ಕೋಟೆ ಎಂದರೆ ನಮಗೆ ನೆನಪಾಗುವುದು ಸದಾಶಿವಗಡ. ಸೋದೆಯ ಅರಸ ಬಸವಲಿಂಗ ತಂದೆ ಸದಾಶಿವನ ಹೆಸರಿನಲ್ಲಿ 18ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಶಿವಾಜಿ ಕಾರವಾರಕ್ಕೆ ಬಂದು ಕಪ್ಪ ವಸೂಲಿ ಮಾಡಿದ್ದು 1665ರಲ್ಲಿ. ಇತಿಹಾಸದ ಲೆಕ್ಕ ಇರಲಿ. ನಾನು ಬೆರಗಾಗುವುದು ಬೇರೆಯದಕ್ಕೆ. ಐತಿಹಾಸಿಕ ಕಾದಂಬರಿಕಾರನೊಬ್ಬನಿಗೆ ಬೆಳದಿಂಗಳು, ನದಿ, ಪಾಳುಕೋಟೆ, ಶಿವಾಜಿಯ ಹೆಸರು ಒಟ್ಟಿಗೆ ಕೈಗೆ ಸಿಕ್ಕಿದೆ. ಅಧ್ಯಾಯಗಟ್ಟಲೆ ಬೆಳೆಸಬಹುದಿತ್ತು. ಅವರು ಕೋಟೆಗೆ ಕೊಟ್ಟದ್ದು ಅರ್ಧ ವಾಕ್ಯ. ಗಮನವೆಲ್ಲ ಹೋದದ್ದು ಸಾರಿಸಿದ ಅಂಗಳಕ್ಕೆ.

ಆ ರಾತ್ರಿಯ ಕವಿತೆಯನ್ನೂ ಅವರು ‘ಜೀವನಸ್ಮೃತಿ’ಯಲ್ಲಿ ಸೇರಿಸಿ, ಅದರ ಬೆನ್ನಿಗೇ ಒಂದು ಮಾತು ಹೇಳುತ್ತಾರೆ. ಭಾವ ತುಂಬಿ ತುಳುಕುವಾಗ ಬರೆದದ್ದೇ ಒಳ್ಳೆಯ ಬರಹವಾಗಬೇಕೆಂದಿಲ್ಲ. ಅನುಭವದಿಂದ ತೀರ ದೂರ ನಿಂತರೂ ಕೆಟ್ಟಿತು, ತೀರ ಹತ್ತಿರ ನಿಂತರೂ ಕೆಟ್ಟಿತು. ಕಾವ್ಯಕ್ಕೆ ಸರಿಯಾದ ಬಣ್ಣ ಹಚ್ಚುವ ಕುಂಚ ನೆನಪಿನದು. ಈ ಮಾತಿಗೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ, ಅದೇ ಪುಟದಲ್ಲಿದೆ. ಅಂದೇ ಬರೆದ ಪದ್ಯ ಹುಣ್ಣಿಮೆಯಲ್ಲಿ ಮುಳುಗಿ ಕರಗುವ ಹಂಬಲದಲ್ಲೇ ಸುತ್ತುತ್ತದೆ; ಊರೂ ಇಲ್ಲ, ನದಿಯೂ ಇಲ್ಲ. ಸುಮಾರು ಮೂವತ್ತು ವರ್ಷ ಕಳೆದು ಬರೆದ ಗದ್ಯದಲ್ಲಿ ಬೇಲಿಯ ನೆರಳಿದೆ, ಬುತ್ತಿಯಿದೆ, ಇಳಿತದ ಸೆಳೆತವಿದೆ, ಮರಳಿದೆ. ಪ್ರತಾಪಾದಿತ್ಯನ ಕತೆಗೆ ದೂರ ಹೆಚ್ಚಾಗಿತ್ತು, ಹುಣ್ಣಿಮೆಯ ಪದ್ಯಕ್ಕೆ ದೂರವೇ ಇರಲಿಲ್ಲ. ಹದ ಸಿಕ್ಕಿದ್ದು ಈ ಗದ್ಯಕ್ಕೆ. ಉಪ್ಪಿನಲ್ಲಿಟ್ಟ ಮಿಡಿ ಭರಣಿಯಲ್ಲಿ ಹೇಗೆ ತಾನಾಗಿ ಹದಕ್ಕೆ ಬರುತ್ತದೋ ಹಾಗೆ ಆ ರಾತ್ರಿ ಅವರೊಳಗೆ ಕೂತು ಹದವಾಯಿತು.

ಕಾರವಾರದಲ್ಲಿ ಅವರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಗುಹೆಯಲ್ಲಿ ಕೂತು ಪ್ರಕೃತಿಯನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿ. ಊರು ಮುಟ್ಟಿಸಿಕೊಳ್ಳದ ಒಬ್ಬ ಅನಾಥ ಹುಡುಗಿ ಅವನ ಬಳಿ ಆಸರೆ ಕೇಳಿ ಬರುತ್ತಾಳೆ. ಮಮತೆಗೆ ಹೆದರಿ ಅವನು ಓಡುತ್ತಾನೆ. ದಂಡ ಕಮಂಡಲ ಎಸೆದು ಮರಳಿ ಬರುವಷ್ಟರಲ್ಲಿ ಹುಡುಗಿ ಇಲ್ಲ. ಒಂದು ಕಡೆ ಗುಹೆಯ ಶೂನ್ಯ, ಇನ್ನೊಂದು ಕಡೆ ದಾರಿಹೋಕರ ಲೊಟ್ಟೆ ಹರಟೆ, ನಗೆ, ಜಗಳ. ಮುಂದೆ ತಾವು ಬರೆದ ಎಲ್ಲದಕ್ಕೂ ಇದೇ ಪೀಠಿಕೆ, ಮಿತಿಯೊಳಗೇ ಅಮಿತವನ್ನು ಕಾಣುವ ಸಂತೋಷವೇ ತಮ್ಮ ಬರಹದ ವಸ್ತು ಎಂದು ಅವರೇ ಗುರುತಿಸಿದ್ದಾರೆ. ರಾಜರ ಕತೆಗೆ ಅವರು ಮತ್ತೆ ಕೈ ಹಾಕಿದ್ದುಂಟು. 1887ರ ‘ರಾಜರ್ಷಿ’ ತ್ರಿಪುರಾದ ಗೋವಿಂದಮಾಣಿಕ್ಯನ ಕತೆ. ಆದರೆ ಅದರ ಬೀಜ ರೈಲಿನಲ್ಲಿ ತೂಕಡಿಸುವಾಗ ಬಿದ್ದ ಕನಸು: ಗುಡಿಯ ಮೆಟ್ಟಿಲಲ್ಲಿ ಬಲಿಯ ನೆತ್ತರು ಕಂಡು ಇಷ್ಟೊಂದು ರಕ್ತ ಯಾಕೆಂದು ಅಪ್ಪನನ್ನು ಕೇಳುವ ಪುಟ್ಟ ಹುಡುಗಿ. ಅರಮನೆಯ ಕತೆಯನ್ನು ನಡೆಸುವುದು ಈಗ ಒಂದು ಮಗುವಿನ ಪ್ರಶ್ನೆ. ಕಾರವಾರದ ಆ ಅನಾಥ ಹುಡುಗಿಯ ಹಿಂದೆ ಇವಳೂ ಬಂದಳು ಎಂದು ನಾನು ಓದಿಕೊಳ್ಳುತ್ತೇನೆ.

ಈ ಪುಟಗಳನ್ನು ಓದಲು ನಮ್ಮ ಕಡೆ ಒಂದು ಕಾಲವುಂಟು. ಆಶ್ವೀಜ ಮುಗಿದು ಕಾರ್ತಿಕ ಹಿಡಿಯುವ ಹೊತ್ತು, ದೊಡ್ಡ ಹಬ್ಬದ ದಿನಗಳು. ಟಾಗೋರರು ಕಂಡ ಅಂಗಳ ಆಗ ಅಂಕೋಲೆಯ ಕೇರಿಕೇರಿಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಮಳೆಗಾಲ ಪೂರ್ತಿ ಅಂಗಳಕ್ಕೆ ತೆಂಗಿನ ಮಡ್ಲು ಹಾಸಿರುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಅದನ್ನು ತೆಗೆದು, ಹಾವಸೆ ಹೆರೆದು, ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಆಮೇಲೆ ಸಗಣಿಗೆ ಸುಟ್ಟ ತೆಂಗಿನ ಸಿಪ್ಪೆಯ ಕರಿ ಕಲಸಿ ಸಾರಿಸುವುದು. ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಅಂಗೈಯಗಲದ ಅರ್ಧವೃತ್ತಗಳನ್ನು ಒಂದಕ್ಕೊಂದು ತಾಗುವಂತೆ ಎಳೆಯುತ್ತ ಹೋಗುತ್ತಾರೆ. ಒಣಗಿದ ಮೇಲೆ ಅಂಗಳ ಕಪ್ಪುಹಸುರಾಗಿ ಮಿರುಗುತ್ತದೆ. ಓರೆ ಬೆಳಕು ಬಿದ್ದರೆ ಕೈಬೆರಳಿನ ಗೆರೆಗಳೂ ಕಾಣುತ್ತವೆ. ಹಾಲಕ್ಕಿ ಒಕ್ಕಲಿಗರ ಮನೆಯಾದರೆ ನಟ್ಟನಡುವೆ ಎತ್ತರದ ತುಳಸಿಕಟ್ಟೆ, ಕೆಮ್ಮಣ್ಣಿನ ಮೇಲೆ ಶೇಡಿಯ ಎಳೆ. ಭತ್ತ ಬಡಿಯುವುದಕ್ಕೂ ಅದೇ ಅಂಗಳ ಬೇಕು, ಫಾಲ್ಗುಣದಲ್ಲಿ ಸುಗ್ಗಿಯ ತುರಾಯಿ ಕುಣಿಯುವುದಕ್ಕೂ ಅದೇ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಮ್ಮ ಜನದ ಹಾಡುಗಳನ್ನೆಲ್ಲ ನೆನಪಿನಲ್ಲೇ ಕಾಪಿಟ್ಟು 2017ರಲ್ಲಿ ಪದ್ಮಶ್ರೀ ಪಡೆದದ್ದು ಇಂಥ ಅಂಗಳಗಳಿಂದ ಎದ್ದು ಹೋಗಿ.

ನರಕ ಚತುರ್ದಶಿಯ ನಸುಕಿಗೆ ಬಚ್ಚಲ ಹಂಡೆಗೆ ಹಿಂಡಲಕಾಯಿಯ ಮಾಲೆ. ಮಿಂದು ಬಂದವರು ಅದೇ ಕಹಿಕಾಯನ್ನು ಕಾಲಡಿಗೆ ಹಾಕಿ ಮೆಟ್ಟಿದರೆ ನರಕಾಸುರನ ಕತೆ ಮುಗಿಯಿತು. ಕಾರವಾರದ ಕೊಂಕಣಿ ಮನೆಗಳಲ್ಲಿ ಆಮೇಲೆ ಹೊಸಕ್ಕಿಯ ಅವಲಕ್ಕಿಯ ಸರದಿ: ಬೆಲ್ಲ ಕಾಯಿ ಹಾಕಿದ್ದು, ಮಜ್ಜಿಗೆಯದು, ಒಗ್ಗರಣೆಯದು. ಪಾಡ್ಯಕ್ಕೆ ಬಲೀಂದ್ರನ ಪೂಜೆ, ಹಟ್ಟಿಯಲ್ಲಿ ದನಗಳಿಗೆ ಚೆಂಡುಹೂವಿನ ಮಾಲೆ. ಅದೇ ದಿನ ಅಂಕೋಲೆಯ ಪೇಟೆಯಲ್ಲಿ ಕೋಮಾರಪಂತರ ಹೊಂಡೆಯಾಟ. ಸೈನಿಕ ಪರಂಪರೆಯ ಜನ ಎರಡು ಪಂಗಡವಾಗಿ ನಿಂತು ಹೊಂಡೆಕಾಯಿಗಳನ್ನು ಒಬ್ಬರ ಮೇಲೊಬ್ಬರು ಬೀಸಿ ಎಸೆಯುತ್ತಾರೆ. ಪೆಟ್ಟು ಮೊಣಕಾಲಿನ ಕೆಳಗೇ ಬೀಳಬೇಕೆಂಬುದು ಕಟ್ಟಳೆ. ಒಮ್ಮೆ ಈ ಕಾಯಿಯ ಪೆಟ್ಟು ತಪ್ಪಿ ನನ್ನ ಕಣಕಾಲಿಗೆ ಬಿದ್ದದ್ದುಂಟು, ಎರಡು ದಿನ ಉರಿ ಇತ್ತು. ಎಂದೋ ನಡೆದ ಯುದ್ಧಗಳಿಂದ ನೆತ್ತರು ಸೋಸಿ ಹೋಗಿ ಆಟ ಮಾತ್ರ ಉಳಿದಿದೆ. ಐತಿಹಾಸಿಕ ಕಾದಂಬರಿ ಮಾಡಬೇಕಾದ ಕೆಲಸವನ್ನು ಹಬ್ಬಗಳು ಹೀಗೆ ಸಲೀಸಾಗಿ ಮಾಡುತ್ತವೆ. ಬಲಿಯ ಕತೆ ಎಷ್ಟು ಹಳೆಯದಾದರೂ ಅವನು ವರ್ಷಕ್ಕೊಮ್ಮೆ ಮನೆಗೆ ಬಂದು ಊಟ ಮಾಡಿ ಹೋಗುವ ನೆಂಟ. ದೂರವೂ ಉಳಿಯಿತು, ಹತ್ತಿರವೂ ಆಯಿತು.

ಕಾರವಾರದಿಂದ ಮರಳುವ ಹಡಗಿನ ಡೆಕ್ಕಿನ ಮೇಲೆ ಕೂತು, ರಾಗ ಹಾಕಿ ಹಾಡಿಕೊಳ್ಳುತ್ತ, ಟಾಗೋರರು ನಾಟಕದ ಕೆಲವು ಹಾಡುಗಳನ್ನು ಕಟ್ಟಿದರು. ಮೊದಲನೆಯದು ಗೋವಳರದು. ಬೆಳಗಾಗಿದೆ, ದನ ಮೇಯಲು ಹೊರಟಿವೆ, ಶ್ಯಾಮನನ್ನು ನಮ್ಮ ಜೊತೆ ಕಳಿಸು ಎಂದು ಹುಡುಗರು ನಂದನ ರಾಣಿಯ ಬಾಗಿಲಲ್ಲಿ ನಿಂತಿದ್ದಾರೆ. ಇದರ ಬಗ್ಗೆ ಅವರು ಬರೆದ ವಿವರಣೆ ನನಗೆ ಹಾಡಿಗಿಂತ ಪ್ರಿಯ. ಆ ಹುಡುಗರಿಗೆ ದೇವರನ್ನು ಸಿಂಗರಿಸಲು ಹೆಚ್ಚೇನೂ ಬೇಕಿಲ್ಲ, ಹಳದಿ ಬಟ್ಟೆ, ಕಾಡುಹೂವಿನ ಮಾಲೆ ಸಾಕು. ಎಲ್ಲೆಲ್ಲೂ ಇರುವ ಆನಂದವನ್ನು ಆಡಂಬರದಲ್ಲಿ ಹುಡುಕಹೋದವನು ಅದನ್ನು ಕಳೆದುಕೊಳ್ಳುತ್ತಾನೆ ಎಂಬುದು ಅದರ ಸಾರ. ಕಲಕತ್ತೆಯ ದೊಡ್ಡ ಮನೆತನದ ಹುಡುಗ ಈ ಮಾತಿನ ಹೊಳಹನ್ನು ಹೊತ್ತು ಹೊರಟದ್ದು ನಮ್ಮ ಬಂದರಿನಿಂದ. ಪಾಡ್ಯದ ಬೆಳಿಗ್ಗೆ ಮಾಲೆ ಹಾಕಿಸಿಕೊಂಡ ದನಗಳು ಹಟ್ಟಿಯಿಂದ ಹೊರಬೀಳುವುದನ್ನು, ಹಿಂದೆ ಹುಡುಗರು ಕೂಗುತ್ತ ಓಡುವುದನ್ನು ಕಂಡವರಿಗೆ ಆ ಹಾಡಿಗೆ ಟಿಪ್ಪಣಿ ಬೇಡ. ಊರು ತಲುಪಿದ ಸ್ವಲ್ಪ ಕಾಲಕ್ಕೆ, 1883ರ ಡಿಸೆಂಬರ್ 9ರಂದು, ಅವರ ಮದುವೆಯಾಯಿತು. ನಾಟಕ 1884ರಲ್ಲಿ ಅಚ್ಚಾಯಿತು. ಆ ವರ್ಷದ ಏಪ್ರಿಲಿನಲ್ಲೇ ಸದರ್ ಸ್ಟ್ರೀಟಿನ ಮನೆಯಲ್ಲಿ ಅವರೊಡನಿದ್ದ ಅತ್ತಿಗೆ ಕಾದಂಬರಿ ದೇವಿ ತೀರಿಕೊಂಡರು. ಆ ಸಾವಿನ ಆಚೆ ನಿಂತು ನೆನೆದದ್ದರಿಂದಲೇ ಕಾಳಿಯ ರಾತ್ರಿಗೆ ಅಷ್ಟು ನಿಶ್ಶಬ್ದ ಬಂತೇನೋ.

ಕಡಲತೀರಕ್ಕೆ ಕವಿಯ ಹೆಸರಿಟ್ಟದ್ದು ಒಳ್ಳೆಯದೇ. ಹೆಸರಿಟ್ಟ ಊರು ಅವರು ತನ್ನ ಬಗ್ಗೆ ಬರೆದದ್ದನ್ನು ಓದುವುದೂ ಅಷ್ಟೇ ಮುಖ್ಯ. ಕಾರವಾರ, ಅಂಕೋಲೆಯ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ದೀಪಾವಳಿ ರಜೆ ಮುಗಿದು ತುಳಸಿ ಲಗ್ನ ಬರುವುದರೊಳಗೆ ಒಂದು ದಿನ, ಪಾಠ ಬದಿಗಿಟ್ಟು, ಆ ನಾಲ್ಕಾರು ಪುಟಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಪರೀಕ್ಷೆಗೆ ಕೇಳಬೇಡಿ.