‘ಬಾಣಂತಿ ಸನ್ನಿ’: ಒಂದು ಪದದ ವಿಮರ್ಶೆ

ಕನ್ನಡದ ವೈದ್ಯವಿಷಯಕ ಬರವಣಿಗೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಶುದ್ಧಿಯನ್ನೇ ನೋಡುತ್ತೇವೆ. ಆ ಪದ ಯಾರ ಕಿವಿಗೆ ಬೀಳಬೇಕು, ಬಿದ್ದಮೇಲೆ ಅವರು ಏನು ಮಾಡಬೇಕು ಎಂಬುದನ್ನು ವಿಚಾರಿಸುವುದು ಕಡಮೆ. ಈ ಎರಡನೆಯ ಅಳತೆಗೋಲಿನಿಂದ ‘ಬಾಣಂತಿ ಸನ್ನಿ’ ಎಂಬ ಪದವನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

‘ಸನ್ನಿ’ ಎಂಬುದು ‘ಸನ್ನಿಪಾತ’ದಿಂದ ಬಂದುದು, ವಾತ ಪಿತ್ತ ಕಫಗಳು ಮೂರೂ ಒಮ್ಮೆಗೇ ಕೆರಳಿದ ಸ್ಥಿತಿಗೆ ಆಯುರ್ವೇದವಿಟ್ಟ ಹೆಸರು. ಜನರ ಬಾಯಲ್ಲಿ ಅದು ಹೆರಿಗೆಯ ಬಳಿಕ ಕಾಣುವ ಜ್ವರ, ಬಡಬಡಿಕೆ, ಸೆಳವು, ಎಚ್ಚರದಪ್ಪುವಿಕೆಗಳಿಗೆಲ್ಲ ಸಲ್ಲುವ ಹೆಸರಾಯಿತು. ಹೆರಿಗೆಯಾದ ಮೊದಲ ವಾರಗಳ ಅಪಾಯ ತಲೆಗೇರಬಲ್ಲುದೆಂಬ ನಿಜವಾದ ಅನುಭವ ಇದರಲ್ಲಿ ಅಡಗಿದೆ. ಆದುದರಿಂದ ಈ ಪದವನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಒಪ್ಪತಕ್ಕ ಮಾತಲ್ಲ.

ದೋಷವಿರುವುದು ಬೇರೆಡೆ. ಈ ಒಂದೇ ಹೆಸರಿನ ಅಡಿಯಲ್ಲಿ ನಾಲ್ಕು ರೋಗಗಳಾದರೂ ಸೇರಿಕೊಂಡಿವೆ: ಸೋಂಕಿನ ಜ್ವರ, ರಕ್ತದೊತ್ತಡದ ಏರಿಕೆಯಿಂದ ಬರುವ ಸೆಳವು, ಬಾಣಂತಿಯ ಚಿತ್ತವಿಕಾರ, ಮತ್ತು ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಕೊನೆಯದು ವಿರಳ, ಎಲ್ಲ ಬಗೆಯ ಪಾರ್ಶ್ವವಾಯುಗಳಲ್ಲಿ ಅದರ ಪಾಲು ನೂರಕ್ಕೆ ಒಂದರ ಆಸುಪಾಸು. ಬಾಣಂತಿಯರಿಗೆ ಮಾತ್ರ ಅದರ ಭಯ ಹೆಚ್ಚು. ಹೆರಿಗೆಯ ರಕ್ತಸ್ರಾವವನ್ನು ತಡೆಯಲು ದೇಹವು ರಕ್ತದ ಹೆಪ್ಪುಗಟ್ಟುವ ಗುಣವನ್ನು ತಾನೇ ಹೆಚ್ಚಿಸಿಕೊಂಡಿರುತ್ತದೆ; ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯೂ ಜೊತೆಗೂಡಿದರೆ ರಕ್ತ ಇನ್ನಷ್ಟು ಮಂದವಾಗುತ್ತದೆ. ಮಿದುಳಿನಿಂದ ಹೊರಹೋಗಬೇಕಾದ ರಕ್ತ ಅಲ್ಲಿಯೇ ತಡೆದು ನಿಂತು ಬಾವು ಬರುತ್ತದೆ. ಒಮ್ಮೊಮ್ಮೆ ಒಳಗೇ ಸೋರುತ್ತದೆ. ದಿನದಿನಕ್ಕೆ ಬಲಿಯುವ ತಲೆನೋವು, ವಾಂತಿ, ಮಂಜಾಗುವ ದೃಷ್ಟಿ, ಸೆಳವು, ಒಂದು ಪಕ್ಕದ ಕೈಕಾಲಿನ ಸೋಲು ಇದರ ಲಕ್ಷಣಗಳು.

ಚಿಕಿತ್ಸೆ ಮೇಲುನೋಟಕ್ಕೆ ವಿಪರೀತವೆನಿಸುತ್ತದೆ: ಮಿದುಳಿನಲ್ಲಿ ರಕ್ತ ಸೋರಿದ್ದರೂ, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಕೊಡಬೇಕು. ಜರ್ಮನಿಯ ಐನ್‌ಹಾಯ್ಪ್ಲ್ ಮತ್ತು ಸಂಗಡಿಗರು 20 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಹೆಪಾರಿನ್ ಪಡೆದ 10 ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10 ಮಂದಿಯಲ್ಲಿ 3 ಜನ ತೀರಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು 57 ಬಾಣಂತಿಯರಲ್ಲಿ ನಡೆಸಿದ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ಅಲ್ಲಿಯ ರೋಗನಿರ್ಣಯ ರಕ್ತನಾಳಗಳ ಚಿತ್ರಣದಿಂದ ದೃಢಪಡಲಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೂ ನಮ್ಮ ಬಾಣಂತಿಯನ್ನೇ ಎದುರಿಗಿಟ್ಟುಕೊಂಡು ಪ್ರಶ್ನೆಯನ್ನು ಕೇಳಿದುದು ಅದರ ಹಿರಿಮೆ.

ಇಷ್ಟು ತಿಳಿವಳಿಕೆ ನಾಡಿನಲ್ಲಿಯೇ ಇದ್ದು, ಅದು ಸಕಲೇಶಪುರದ ಬೆಟ್ಟಗಳ ನಡುವಣ ಹಾನುಬಾಳಿನ ಮನೆಯೊಂದಕ್ಕೆ ತಲುಪುವುದು ಯಾವ ಮಾತಿನಲ್ಲಿ? ಮುಂಗಾರಿನ ಮಳೆಯಲ್ಲಿ ಬಾಣಂತಿಗೆ ತಲೆನೋವೆಂದರೆ ‘ಥಂಡಿ’ ಎನ್ನುವುದು, ಸೆಳವು ಬಂದರೆ ‘ಸನ್ನಿ’ ಎನ್ನುವುದು ಸುಲಭ. ಹೆಸರು ಸಿಕ್ಕಿತೆಂದು ಸಮಾಧಾನವಾದರೆ, ಸಕಲೇಶಪುರಕ್ಕೂ ಅಲ್ಲಿಂದ ಹಾಸನಕ್ಕೂ ಹೊರಡಬೇಕಾದ ಹೊತ್ತು ಮೀರಿಹೋಗುತ್ತದೆ. ಇದಕ್ಕೆ ಪರಿಹಾರವಾಗಿ ‘ಪ್ರಸವೋತ್ತರ ಮಸ್ತಿಷ್ಕಾಭಿಧಮನಿ ರಕ್ತಘನೀಕರಣ’ದಂತಹ ಸಮಾಸವನ್ನು ಕಟ್ಟಿದರೆ ಪಂಡಿತರಿಗೆ ತೃಪ್ತಿಯಾದೀತು, ಅತ್ತೆಗಾಗಲಿ ತಾಯಿಗಾಗಲಿ ಅದು ಏನನ್ನೂ ಹೇಳದು. ಹಳೆಯ ಪದ ಹಲವು ರೋಗಗಳನ್ನು ಒಂದಾಗಿಸಿ ಮರೆಮಾಡಿತು. ಹೊಸ ಪದ ಒಂದೇ ರೋಗವನ್ನು ಹೇಳಿಯೂ ಮರೆಮಾಡುತ್ತದೆ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ ಮಗು’ವಿನಲ್ಲಿ ಹಿಡಿದ ಮನೆಮಾತಿನ ದಾರಿಯೇ ಇಲ್ಲಿಯೂ ಸರಿಯೆಂದು ನಮಗೆ ತೋರುತ್ತದೆ. ‘ಸನ್ನಿ’ಯನ್ನು ಬಿಡಬೇಕಾಗಿಲ್ಲ, ಬಿಡಿಸಬೇಕಾಗಿದೆ. ಬಾಣಂತಿಯ ತಲೆನೋವು ಇಳಿಯದೆ ಏರುತ್ತಿದ್ದರೆ, ಸೆಳವು ಬಂದರೆ, ಕೈಕಾಲು ಸೋತರೆ, ಅದು ಮಿದುಳಿನ ರಕ್ತ ಹೆಪ್ಪುಗಟ್ಟಿದ ಸನ್ನಿಯಿರಬಹುದು, ಅದಕ್ಕೆ ಮದ್ದುಂಟು, ಅಂದೇ ಆಸ್ಪತ್ರೆಗೆ ಹೊರಡಬೇಕು, ಅವಳಿಗೆ ನೀರನ್ನು ಎಂದೂ ತಡೆಯಬಾರದು: ಇಷ್ಟನ್ನು ತಿಳಿಯುವಂತೆ ಹೇಳಿದ ಬರಹವೇ ಈ ವಿಷಯದಲ್ಲಿ ಒಳ್ಳೆಯ ಕನ್ನಡ.