ಬೆಳ್ಳಿಯ ಮೇಲೆ ಚಿನಿವಾರನ ಏಟು

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ಜೋಡಿ ರೂಪಾಯಿಗೆ ‘ಹೈದರಿ’ ಎಂದು ಹೆಸರು. ಅಂಗೈ ಮೇಲಿಟ್ಟರೆ ಸುಮಾರು 23 ಗ್ರಾಂ ಬೆಳ್ಳಿಯ ಭಾರ ಗೊತ್ತಾಗುತ್ತದೆ. ಆಮೇಲೆ ಕಣ್ಣು ಹೋಗುವುದು, ಚೆಂದದ ಪಾರಸಿ ಬರಹದ ನಡುವೆ ಯಾರೋ ಕುಟ್ಟಿದ ಪುಟ್ಟ ಹೂವು, ಚುಕ್ಕಿ, ಗೀರುಗಳ ಕಡೆಗೆ. ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ, ಬೆಲೆ ಇಳಿಯುತ್ತದೆ. ಇಳಿಯಬಾರದಿತ್ತು.

ಆ ಏಟು ಚಿನಿವಾರನದು. ತಾಮ್ರದ ಬಿಲ್ಲೆಗೆ ಬೆಳ್ಳಿ ಹೊದಿಸಿ ದಾಟಿಸುವವರು ಎಲ್ಲ ಕಾಲದಲ್ಲೂ ಇದ್ದರು. ಒಳಗೂ ಬೆಳ್ಳಿಯೇ ಎಂದು ಪರೀಕ್ಷಿಸಿದವನು ತನ್ನ ಗುರುತು ಒತ್ತುತ್ತಿದ್ದ. ಸುಲ್ತಾನನ ಮುದ್ರೆ ಸಾಲದೆ ಪೇಟೆಯ ಮುದ್ರೆಯೂ ಬೇಕಾಗುತ್ತಿತ್ತು.

ಯುದ್ಧ ಬಂದರಂತೂ ಕೇಳುವುದೇ ಬೇಡ. 1791ರ ಮೇ ತಿಂಗಳಲ್ಲಿ ಎತ್ತುಗಳು ಸತ್ತು, ಅಕ್ಕಿ ಮುಗಿದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದಿದ್ದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಕನ್ನಂಬಾಡಿಯಿಂದ ಹಿಂದಿರುಗಿದ. ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಕಡೆಯಲ್ಲಿ ಅವನ ಮಿತ್ರರಾದ ಮರಾಠರ ದಂಡು ಎದುರಾಯಿತು. ಅವರ ಬಜಾರಿನಲ್ಲಿ ಧಾನ್ಯವಿತ್ತು, ಬೆಲೆ ಮಾತ್ರ ಬಾಯಿ ಸುಡುವಂಥದ್ದು. ಮೇಲಾಗಿ ಈ ಮಿತ್ರರಿಗೆ ಸಾಲವೂ ಬೇಕಿತ್ತು. ಚೀನಾ ವ್ಯಾಪಾರಕ್ಕೆಂದು ಹೊರಟಿದ್ದ ಕಂಪನಿಯ ಬೆಳ್ಳಿಯನ್ನು ಮದರಾಸಿನಲ್ಲೇ ಹಿಡಿದು ಹೊಂದಿಸಬೇಕಾಯಿತು. ಆ ಕಾಲದಲ್ಲಿ ಚೀನಾಕ್ಕೆ ಹೋಗುತ್ತಿದ್ದ ಬೆಳ್ಳಿ ಬಹುಪಾಲು ಸ್ಪೇನಿನ ಡಾಲರ್.

ಮರುವರ್ಷ ಯುದ್ಧದಲ್ಲಿ ಸೋತ ಟಿಪ್ಪು ಸಂಧಿಯಂತೆ ತೆರಬೇಕಾಗಿ ಬಂದದ್ದು 3 ಕೋಟಿ 30 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಕೂಡಲೇ ಬೇಕು; ವರಹ, ಮೊಹರು, ಗಟ್ಟಿ ಯಾವುದಾದರೂ ಸರಿ, ರೂಪಾಯಿಯಾದರೆ ಪೂರ್ಣ ತೂಕದ್ದೇ ಆಗಬೇಕು. ಆ ಒಂದು ಷರತ್ತಿಗೆ ಎಷ್ಟು ತಕ್ಕಡಿಗಳು ತೂಗಾಡಿರಬೇಡ!

ಇದೇ ಸ್ಪೇನಿನ ಡಾಲರಿಗೆ ಲಂಡನ್ನಿನಲ್ಲೂ ಏಟು ಬಿತ್ತು. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು, ಚಿಲ್ಲರೆಗೆ ಬೆಳ್ಳಿಯಿಲ್ಲ. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್, ಸ್ಪೇನ್ ರಾಜನ ಕತ್ತಿನ ಮೇಲೆ ಮೂರನೇ ಜಾರ್ಜ್‌ನ ಪುಟಾಣಿ ತಲೆ ಒತ್ತಿ, 4 ಷಿಲಿಂಗ್ 9 ಪೆನ್ಸ್‌ಗೆ ಚಲಾವಣೆಗೆ ಬಿಟ್ಟಿತು. ಕ್ರೌನ್ ಎಂದರೆ 5 ಷಿಲಿಂಗ್, ಕಿರೀಟವೂ ಹೌದು. ಇಬ್ಬರು ರಾಜರ ತಲೆ ಸೇರಿದರೂ ಒಂದು ಕ್ರೌನ್ ಆಗಲಿಲ್ಲವೆಂದು ಜನ ನಕ್ಕರು. ಖೋಟಾ ಮಾಡುವವರಿಗೆ ನಗುವಷ್ಟು ಪುರಸೊತ್ತೂ ಇರಲಿಲ್ಲ. ಅವರೂ ಆ ಪುಟಾಣಿ ತಲೆಯನ್ನು ಕೆತ್ತಿಕೊಂಡರು.

ಬೇಸತ್ತ ಬ್ಯಾಂಕು 1804ರಲ್ಲಿ ಡಾಲರುಗಳನ್ನು ಉದ್ಯಮಿ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಗೆ ಕಳಿಸಿ, ಪೂರ್ತಿ ಹೊಸ ಅಚ್ಚು ಹಾಕಿಸಿತು. 1799ರ ಶ್ರೀರಂಗಪಟ್ಟಣದ ಗೆಲುವಿಗೆ ಕಂಪನಿ ಸೈನಿಕರಿಗೆ ಕೊಟ್ಟ ಪದಕಗಳೂ ಅದೇ ಸೋಹೊದವು: ಒಂದು ಮುಖದಲ್ಲಿ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದರಲ್ಲಿ ಕೋಟೆಗೆ ಲಗ್ಗೆ. ಅವನ್ನು ಚಿನಿವಾರನಿಗೆ ತೋರಿಸಬೇಕಾದ ಪ್ರಮೇಯವಿರಲಿಲ್ಲ.